ದಂಗೆಯ ಕಾರಣ ಬರೆಯುವ ಬಗೆ: 1569ರ ಉತ್ತರ ಇಂಗ್ಲೆಂಡ್ ನಮ್ಮ ಮನೆಯ ಖಾತೆ ಪುಸ್ತಕದಲ್ಲಿ

ಕಳೆದ ವರ್ಷ ಆಶ್ಲೇಷ ಮಳೆಯ ಹೊತ್ತಿಗೆ ನನ್ನ ಮಗಳ ಮಗಳು ಇಂಗ್ಲೆಂಡಿನ ಲೀಡ್ಸ್‌ನಿಂದ ರಜಕ್ಕೆ ಬಂದಿದ್ದಳು. ಹೊಸನಗರ ತಾಲೂಕಿನ ನಮ್ಮ ಮನೆಯಲ್ಲಿ ಆ ವಾರ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಜಗುಲಿಯಲ್ಲಿ ಕಂಬಳಿ ಹೊದ್ದು ಕೂತು ಅವಳು ಶಾಲೆಯವರು ಕೊಟ್ಟ ಒಂದು ಪ್ರಶ್ನೆಗೆ ಉತ್ತರ ಬರೆಯುತ್ತಿದ್ದಳು. 1569ರಲ್ಲಿ ಉತ್ತರ ಇಂಗ್ಲೆಂಡಿನ ಅರ್ಲ್‌ಗಳು, ಅಂದರೆ ಅಲ್ಲಿನ ದೊಡ್ಡ ಬಿರುದಿನ ಜಮೀನ್ದಾರರು, ಪ್ರಾಟೆಸ್ಟಂಟ್ ರಾಣಿ ಎಲಿಜಬೆತ್ ವಿರುದ್ಧ ಏಕೆ ದಂಗೆ ಎದ್ದರು?

ಬರೆದದ್ದನ್ನು ನನಗೆ ತೋರಿಸಿದಳು. ಆರು ಕಾರಣ, ಆರು ಸಾಲು. ಧರ್ಮ, ಮೇರಿ, ಅಧಿಕಾರ ಹೋದದ್ದು, ಸ್ಪೇನ್, ಪೋಪ್, ಹಣ. "ಇದರಲ್ಲಿ ಯಾವ ಸಾಲು ಅಳಿಸಿದರೆ ದಂಗೆ ಆಗುತ್ತಿರಲಿಲ್ಲ ಹೇಳು ಕೂಸೇ" ಎಂದೆ. ಅವಳು ಸುಮಾರು ಹೊತ್ತು ಹಾಳೆ ನೋಡಿ, "ಗೊತ್ತಾಗ್ತಿಲ್ಲ ಅಜ್ಜಿ, ಎಲ್ಲಾ ಒಂದೇ ಥರ ಕಾಣ್ತಿದೆ" ಅಂದಳು.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿದವಳು ನಾನು. ನಮ್ಮ ಮಕ್ಕಳೂ ಹೀಗೇ ಬರೆಯುತ್ತಾರೆ: ಕಾರಣಗಳು, ಪರಿಣಾಮಗಳು, ನಂಬರು ಹಾಕಿದ ಸಾಲು. ಬಾಯಿಪಾಠಕ್ಕೆ ಸುಲಭ, ತಿಳಿವಳಿಕೆಗೆ ಏನೂ ಉಳಿಯುವುದಿಲ್ಲ. ಆ ನಾಲ್ಕು ದಿನ ನಾವಿಬ್ಬರೂ ಕೂತು ಈ ದಂಗೆಯನ್ನು ಬಿಡಿಸಿದ ಬಗೆಯನ್ನು ಇಲ್ಲಿ ಬರೆದಿದ್ದೇನೆ. ಚರಿತ್ರೆ ಓದುವ ಮಕ್ಕಳಿಗೂ ಕಲಿಸುವವರಿಗೂ ಉಪಯೋಗಕ್ಕೆ ಬರಬೇಕು ಎಂಬುದು ನನ್ನ ಆಸೆ. ಯಾವ ದೇಶದ ಯಾವ ದಂಗೆಗಾದರೂ ಹೀಗೇ ಮಾಡಬಹುದು. ರಾಜನ ಧರ್ಮ ಒಂದು, ಪ್ರಜೆಗಳ ಧರ್ಮ ಇನ್ನೊಂದು, ಜೊತೆಗೆ ಸಿಂಹಾಸನಕ್ಕೆ ಮತ್ತೊಬ್ಬ ಹಕ್ಕುದಾರ ಇದ್ದಾನೆ ಎಂಬಂಥ ಕಡೆಯಂತೂ ಹೀಗೆ ಮಾಡಲೇಬೇಕು.

ಮೊದಲು ವಂಶದ ಗೆರೆ

ಕಾರಣಕ್ಕೆ ಕೈ ಹಾಕುವ ಮೊದಲು ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ನಾವು ಹಳೆಯ ಕ್ಯಾಲೆಂಡರಿನ ಹಿಂಬದಿ ತೆಗೆದುಕೊಂಡೆವು. ಮೇಲೆ ಏಳನೇ ಹೆನ್ರಿ. ಅವನಿಗೆ ಮಗ ಎಂಟನೇ ಹೆನ್ರಿ, ಮಗಳು ಮಾರ್ಗರೆಟ್. ಮಾರ್ಗರೆಟ್‌ಳನ್ನು ಸ್ಕಾಟ್ಲೆಂಡಿನ ದೊರೆಗೆ ಕೊಟ್ಟರು. ಅವಳ ಮಗ ಐದನೇ ಜೇಮ್ಸ್, ಅವನ ಮಗಳು 1542ರಲ್ಲಿ ಹುಟ್ಟಿದ ಮೇರಿ ಸ್ಟುವರ್ಟ್. ಈ ಕಡೆ ಎಂಟನೇ ಹೆನ್ರಿಯ ಮಗಳು ಎಲಿಜಬೆತ್.

ಗೆರೆ ನೋಡಿದರೆ ಎಲಿಜಬೆತ್ ಹತ್ತಿರದವಳು. ತೊಡಕು ಇರುವುದು ಅವಳ ತಾಯಿಯ ಮದುವೆಯಲ್ಲಿ. ಹೆನ್ರಿ 1533ರಲ್ಲಿ ಆನ್ ಬೊಲಿನ್‌ಳನ್ನು ಮದುವೆಯಾದಾಗ ಮೊದಲ ಹೆಂಡತಿ ಕ್ಯಾಥರೀನ್ ಬದುಕಿದ್ದಳು. ಕ್ಯಾಥರೀನ್ ಜೊತೆಗಿನ ಮದುವೆ ಮುರಿದದ್ದನ್ನು ಕ್ಯಾಥೊಲಿಕರ ಧರ್ಮಗುರು ಪೋಪ್ ಒಪ್ಪಲಿಲ್ಲ. ಹಾಗಾಗಿ ಪೋಪ್ ಮಾತು ನಂಬುವವರಿಗೆ ಎಲಿಜಬೆತ್ ಮದುವೆಯಾಚೆ ಹುಟ್ಟಿದವಳು. ಅಪ್ಪನೇ ಅದನ್ನು ಇನ್ನಷ್ಟು ಗೋಜಲು ಮಾಡಿದ. 1536ರಲ್ಲಿ ಪಾರ್ಲಿಮೆಂಟಿನ ಮೂಲಕ ಅವಳನ್ನು ಹಕ್ಕಿಲ್ಲದ ಮಗಳು ಎಂದು ಬರೆಸಿದ. 1544ರ ಕಾನೂನಿನಲ್ಲಿ ಮತ್ತೆ ಸಾಲಿಗೆ ಸೇರಿಸಿದ, ಆದರೆ ಮೊದಲು ಬರೆಸಿದ್ದನ್ನು ರದ್ದು ಮಾಡಲಿಲ್ಲ. ಪಾಲಿನ ವ್ಯಾಜ್ಯ ನೋಡಿದ ಮಲೆನಾಡಿನ ಯಾರಿಗಾದರೂ ಇದು ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ: ಪಹಣಿಯಲ್ಲಿ ಹೆಸರು ಏರಿದೆ, ಹಳೆಯ ತಕರಾರು ಹಾಗೇ ಇದೆ.

ಇಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ಹಕ್ಕುದಾರಳು ರಾಣಿಯ ಬದಲಿಗೋ, ರಾಣಿಯ ನಂತರಕ್ಕೋ? ಎಲಿಜಬೆತ್‌ಗೆ ಮದುವೆಯಿಲ್ಲ, ಮಕ್ಕಳಿಲ್ಲ. 1562ರಲ್ಲಿ ಸಿಡುಬು ಬಂದು ಸಾಯುವ ಹಾಗೆ ಆಗಿದ್ದಳು. ಅವಳನ್ನು ರಾಣಿ ಎಂದು ಒಪ್ಪಿದವರಿಗೂ "ನಾಳೆ ಯಾರು?" ಎಂಬ ಚಿಂತೆ ಇತ್ತು. ದಂಗೆಯ ಮುಂದಾಳು ನಾರ್ತಂಬರ್ಲೆಂಡಿನ ಅರ್ಲ್ ಥಾಮಸ್ ಪರ್ಸಿ ಸಿಕ್ಕಿಬಿದ್ದ ಮೇಲೆ, 1572ರಲ್ಲಿ ವಿಚಾರಣೆಯಲ್ಲಿ ಹೇಳಿದ್ದು ಇದೇ ಅರ್ಥದ ಮಾತು: ಧರ್ಮವನ್ನು ಸರಿಪಡಿಸುವುದು ನಮ್ಮ ಉದ್ದೇಶ, ರಾಣಿಗೆ ಸಂತಾನವಾಗದಿದ್ದರೆ ಮುಂದಿನ ವಾರಸುದಾರಳಾದ ಮೇರಿಯನ್ನು ಕಾಪಾಡುವುದು ಉದ್ದೇಶ. ಪ್ರಾಣ ಉಳಿಸಿಕೊಳ್ಳಲು ಮಾತನ್ನು ಮೆತ್ತಗೆ ಮಾಡಿರಬಹುದು. ಆದರೂ "ಎಲಿಜಬೆತ್‌ಳನ್ನು ಇಳಿಸಿ ಮೇರಿಯನ್ನು ಕೂರಿಸಲು ಎದ್ದರು" ಎಂದು ಒಂದೇ ಸಾಲಿನಲ್ಲಿ ಬರೆದರೆ ಪರ್ಸಿಯ ಈ ಮಾತಿಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಆಮೇಲೆ, ಹಕ್ಕುದಾರಳು ಆ ರಾತ್ರಿ ಎಲ್ಲಿದ್ದಳು

ಮೇರಿಯ ಹಕ್ಕು 1558ರಲ್ಲೂ ಇತ್ತು, ಎಲಿಜಬೆತ್ ಪಟ್ಟಕ್ಕೆ ಬಂದ ದಿನವೇ. ಆದರೂ ಹನ್ನೊಂದು ವರ್ಷ ದಂಗೆ ಆಗಲಿಲ್ಲ. ಹಕ್ಕು ಒಂದೇ ಕಾರಣವಾದರೆ ಇದು ಹೇಗೆ? ಭೂಪಟದ ಮೇಲೆ ಮೇರಿಯ ಹೆಜ್ಜೆ ಗುರುತಿಸಿದರೆ ಉತ್ತರ ಸಿಗುತ್ತದೆ. ಅಡಿಕೆ ಸಿಪ್ಪೆಯ ಚೂರುಗಳನ್ನೇ ನಾವು ಗುರುತಿಗೆ ಇಟ್ಟೆವು.

1558ರಲ್ಲಿ ಅವಳು ಫ್ರಾನ್ಸಿನಲ್ಲಿ, ಅಲ್ಲಿನ ಯುವರಾಜನ ಹೆಂಡತಿ. ಗಂಡ ತೀರಿದ ಮೇಲೆ 1561ರಲ್ಲಿ ಸ್ಕಾಟ್ಲೆಂಡಿಗೆ. 1567ರ ಫೆಬ್ರವರಿಯಲ್ಲಿ ಎರಡನೇ ಗಂಡ ಡಾರ್ನ್ಲಿಯ ಕೊಲೆ, ಮೇ ತಿಂಗಳಲ್ಲಿ ಆ ಕೊಲೆಯ ಆಪಾದನೆ ಹೊತ್ತ ಬಾತ್‌ವೆಲ್ ಜೊತೆ ಮದುವೆ, ಜುಲೈಯಲ್ಲಿ ಸೆರೆಯಲ್ಲಿದ್ದುಕೊಂಡೇ ಪಟ್ಟ ಬಿಟ್ಟುಕೊಟ್ಟದ್ದು. 1568ರ ಮೇ ತಿಂಗಳಲ್ಲಿ ಸೆರೆಯಿಂದ ತಪ್ಪಿಸಿಕೊಂಡಳು, ಲ್ಯಾಂಗ್‌ಸೈಡ್‌ನಲ್ಲಿ ಸೋತಳು, ದೋಣಿ ಹತ್ತಿ ಇಂಗ್ಲೆಂಡಿನ ವರ್ಕಿಂಗ್ಟನ್‌ಗೆ ಬಂದಿಳಿದಳು. ಅಲ್ಲಿಂದ ಕಾರ್ಲೈಲ್, ಆಮೇಲೆ ಯಾರ್ಕ್‌ಶೈರಿನ ಬೋಲ್ಟನ್ ಕೋಟೆ.

ಆ ಬೋಲ್ಟನ್ ಹತ್ತಿರ ಸಿಪ್ಪೆಯ ಚೂರು ಇಡುವಾಗ ಮೊಮ್ಮಗಳು ಕೈ ತಡೆದಳು. "ಅಜ್ಜಿ, ಇದು ಅವರ ಊರೇ!" ಹೌದು. ಹಳೆಯ ಕ್ಯಾಥೊಲಿಕ್ ಧರ್ಮ ಬಿಡದ ಮನೆತನಗಳ ನಡುವೆಯೇ ಅವಳನ್ನು ತಂದಿಟ್ಟಿದ್ದರು. ರಿಚರ್ಡ್ ನಾರ್ಟನ್ ಎಂಬ ಕ್ಯಾಥೊಲಿಕ್ ಜಮೀನ್ದಾರನ ಮಗನೊಬ್ಬ ಆ ಕೋಟೆಯ ಕಾವಲಿನಲ್ಲೇ ಇದ್ದ. ಹೆಸರಾಗಿದ್ದ ಹಕ್ಕುದಾರಳು ಈಗ ಕುದುರೆಯ ಮೇಲೆ ಹೋಗಿ ನೋಡಿ ಬರಬಹುದಾದ ಹೆಂಗಸಾದಳು. ಪರ್ಸಿಯಂತೂ ಅವಳು ಬಂದಿಳಿದ ಸುದ್ದಿ ಕೇಳಿದ್ದೇ ಕಾರ್ಲೈಲಿಗೆ ಓಡಿ, ಅವಳನ್ನು ತನ್ನ ವಶಕ್ಕೆ ಕೊಡಿ ಎಂದು ಕೇಳಿದ್ದ. ಕೊಡಲಿಲ್ಲ. 1569ರ ಫೆಬ್ರವರಿ ಹೊತ್ತಿಗೆ ಅವಳನ್ನು ದಕ್ಷಿಣಕ್ಕೆ, ಟಟ್ಬರಿಗೆ ಸಾಗಿಸಿದರು. ದಂಗೆ ಎದ್ದ ಮೇಲೆ ನವೆಂಬರಿನಲ್ಲಿ ಇನ್ನೂ ದಕ್ಷಿಣದ ಕೊವೆಂಟ್ರಿಗೆ. ದಂಗೆಯವರು ಯಾರ್ಕ್ ದಾಟಿ ಬ್ರಾಮ್‌ಹ್ಯಾಮ್ ಬಯಲಿನವರೆಗೆ ಬಂದು ಅಲ್ಲಿಂದ ಹಿಂತಿರುಗಿದ್ದಕ್ಕೆ ಅವಳು ಕೈಗೆ ಸಿಗದಷ್ಟು ದೂರ ಹೋದದ್ದೂ ಒಂದು ಕಾರಣ.

ಖಾತೆ ತೆರೆಯಿರಿ

ನಮ್ಮ ಮನೆಯಲ್ಲಿ ಅಜ್ಜನ ಕಾಲದ, ಕೆಂಪು ಬಟ್ಟೆಯ ರಟ್ಟಿನ ಮಂಡಿ ಖಾತೆ ಪುಸ್ತಕ ಇದೆ. ಅಡಿಕೆ ಹಾಕಿದವರ ಹೆಸರಿಗೆ ಒಂದೊಂದು ಪುಟ, ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಅದರಲ್ಲಿ ಖಾಲಿ ಉಳಿದ ಹಾಳೆಗಳಲ್ಲಿ ನಾವು ದಂಗೆಯವರ ಖಾತೆ ತೆರೆದೆವು. "ಅರ್ಲ್‌ಗಳು" ಎಂದು ಒಟ್ಟಾಗಿ ಬರೆಯಬೇಡಿ, "ಕ್ಯಾಥೊಲಿಕರು" ಎಂದೂ ಬೇಡ. ಒಬ್ಬೊಬ್ಬರಿಗೆ ಒಂದೊಂದು ಪುಟ. ಎಡಕ್ಕೆ ಅವರು ಕಳೆದುಕೊಂಡದ್ದು, ಬಲಕ್ಕೆ ಅವರು ಕಾಯುತ್ತಿದ್ದದ್ದು. ಪುಟದ ಕೆಳಗೆ ಒಂದು ಗೆರೆ, ಅದರಡಿ "ಈ ವರ್ಷವೇ ಏಕೆ?" ನನ್ನ ಇಡೀ ವಿಧಾನದಲ್ಲಿ ಮುಖ್ಯವಾದದ್ದು ಇದು, ಇದಕ್ಕೆ ಸಮಯ ಕೊಡಿ.

ಪರ್ಸಿಯ ಪುಟ ಬೇಗ ತುಂಬಿತು. ಅವನ ಅಪ್ಪನನ್ನು ಎಂಟನೇ ಹೆನ್ರಿಯ ಕಾಲದ ಉತ್ತರದ ದಂಗೆಗಳ ನಂತರ 1537ರಲ್ಲಿ ಕೊಲ್ಲಿಸಿದರು, ಮನೆತನದ ಬಿರುದು ಹೋಯಿತು. ಎಲಿಜಬೆತ್‌ಗಿಂತ ಮೊದಲು ಆಳಿದ ಕ್ಯಾಥೊಲಿಕ್ ರಾಣಿ ಮೇರಿ ಟ್ಯೂಡರ್ 1557ರಲ್ಲಿ ಅದನ್ನು ಇವನಿಗೆ ಮರಳಿಸಿದಳು. ಎಲಿಜಬೆತ್ ಬಂದಳು. ಸ್ಕಾಟ್ಲೆಂಡಿನ ಗಡಿ ಕಾಯುವ ಅಧಿಕಾರ ಅವನ ಕೈತಪ್ಪಿ, ಅವನಿಗೆ ಆಗದವರ ಕೈ ಸೇರಿತು. ಆಮೇಲೆ ತಾಮ್ರದ ಗಣಿ.

ಈ ಗಣಿಯ ವಿಷಯ ಪಠ್ಯಗಳಲ್ಲಿ ಅರ್ಧ ಸಾಲು ಇರುತ್ತದೆ. ಅದು ಅನ್ಯಾಯ, ಏಕೆಂದರೆ ಮನುಷ್ಯನ ಹೊಟ್ಟೆಯುರಿ ಕಣ್ಣಿಗೆ ಕಾಣುವುದು ಅಲ್ಲಿ. ಕೆಸ್ವಿಕ್ ಹತ್ತಿರದ ನ್ಯೂಲ್ಯಾಂಡ್ಸ್ ಕಣಿವೆಯಲ್ಲಿ ಪರ್ಸಿಯ ನೆಲದಲ್ಲಿ ಒಳ್ಳೆಯ ತಾಮ್ರ ಸಿಕ್ಕಿತು. ರಾಣಿಯ ಪರವಾನಗಿ ಹಿಡಿದ ಕಂಪನಿಯವರು ಜರ್ಮನ್ ಗಣಿಗಾರರನ್ನು ಕರೆತಂದು ಅಗೆಸಿದರು. ನೆಲ ನನ್ನದು, ಅದಿರೂ ನನ್ನದು ಎಂದ ಪರ್ಸಿ. ಕೇಸು ನಡೆಯಿತು. 1568ರಲ್ಲಿ ನ್ಯಾಯಾಧೀಶರು ಹೇಳಿದ್ದು: ಚಿನ್ನ ಬೆಳ್ಳಿಯ ಅಂಶ ಇರುವ ಅದಿರು ಯಾರ ನೆಲದಲ್ಲಿದ್ದರೂ ದೊರೆತನದ ಸ್ವತ್ತು. ಮೊಮ್ಮಗಳಿಗೆ ಇದು ಹಿಡಿಯಲಿಲ್ಲ. ಆಗ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗಂಧದ ಮರ ತೋರಿಸಿದೆ. 2001ರಲ್ಲಿ ಕಾನೂನು ತಿದ್ದುವವರೆಗೂ ನಮ್ಮ ಹಿತ್ತಲಲ್ಲಿ ತಾನೇ ಹುಟ್ಟಿ ಬೆಳೆದ ಗಂಧದ ಮರ ಸರ್ಕಾರದ ಸ್ವತ್ತು. ಅದು ಸಿಡಿಲಿಗೆ ಬಿದ್ದರೂ ನಾವು ಮುಟ್ಟುವಂತಿರಲಿಲ್ಲ. ನಮ್ಮ ಮಾವನವರು ಹುಟ್ಟಿದ ಸಸಿಯನ್ನು ಬೆಳೆಯಲು ಬಿಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದದ್ದನ್ನು ಹೇಳಿದೆ. ಅವಳು ಒಳಗೆ ಬಂದವಳೇ ಪರ್ಸಿಯ ಎಡಪುಟದಲ್ಲಿ "ತಾಮ್ರ" ಎಂದು ದೊಡ್ಡದಾಗಿ ಬರೆದಳು. ಅಡಿಕೆಯ ಕೊಳೆ ರೋಗದ ಔಷಧಿಗೆ ವರ್ಷ ವರ್ಷ ತಾಮ್ರದ ಮೈಲುತುತ್ತ ಕೊಳ್ಳುವ ನಮ್ಮಂಥವರಿಗೆ ತಾಮ್ರದ ಬೆಲೆಯನ್ನು ಯಾರೂ ಹೇಳಿಕೊಡಬೇಕಿಲ್ಲ.

ಪರ್ಸಿಯ ಬಲಪುಟವನ್ನೂ ನೋಡಿ. ಅವನು 1567ರ ಆಸುಪಾಸಿನಲ್ಲಿ ಕ್ಯಾಥೊಲಿಕ್ ಸಭೆಗೆ ಮನಸಾರೆ ಮರಳಿದ್ದ. ಹಾಗಾಗಿ "ಗಣಿಗಾಗಿ ಎದ್ದ, ಧರ್ಮ ನೆಪ" ಎನ್ನಲು ಬರುವುದಿಲ್ಲ. ಎರಡೂ ಒಂದೇ ಎದೆಯಲ್ಲಿದ್ದವು.

ವೆಸ್ಟ್‌ಮೋರ್‌ಲೆಂಡಿನ ಅರ್ಲ್ ಚಾರ್ಲ್ಸ್ ನೆವಿಲ್‌ನದು ಬೇರೆ ಪುಟ. ಹುಟ್ಟಿದ್ದು ಮೇರಿ ಸ್ಟುವರ್ಟಳ ಆಸುಪಾಸಿನಲ್ಲೇ, ಕೈಯಲ್ಲಿ ಹಣ ಕಡಿಮೆ, ಹೆಂಡತಿ ಜೇನ್ ನಾರ್ಫೋಕಿನ ಡ್ಯೂಕ್‌ನ ಸೋದರಿ. ಆ ಡ್ಯೂಕ್ ಥಾಮಸ್ ಹಾವರ್ಡ್ ರಾಜ್ಯದಲ್ಲೇ ದೊಡ್ಡ ಕುಳ. ಅವನಿಗೆ ಮೇರಿಯನ್ನು ಮದುವೆ ಮಾಡಿಸಿ, ಅವಳನ್ನು ವಾರಸುದಾರಳೆಂದು ಒಪ್ಪಿಸಿ, ಮಂತ್ರಿ ವಿಲಿಯಂ ಸೆಸಿಲ್‌ನ ಹಿಡಿತ ತಪ್ಪಿಸಬೇಕೆಂದು ಆಸ್ಥಾನದಲ್ಲೇ ಮಾತು ನಡೆದಿತ್ತು. ಎಲಿಜಬೆತ್‌ಗೆ ತಿಳಿಯಿತು. ಡ್ಯೂಕ್ ಹೆದರಿ ಊರಿಗೆ ಹೋದ, ಆಮೇಲೆ ಶರಣಾದ, 1569ರ ಅಕ್ಟೋಬರಿನಲ್ಲಿ ಲಂಡನ್ ಟವರಿನ ಸೆರೆ ಸೇರಿದ. ಹೋಗುವ ಮೊದಲು ಉತ್ತರಕ್ಕೆ ಹೇಳಿ ಕಳಿಸಿದ: ಏಳಬೇಡಿ, ಎದ್ದರೆ ನನ್ನ ತಲೆ ಹೋಗುತ್ತದೆ.

ಇನ್ನು ಲಿಯೊನಾರ್ಡ್ ಡೇಕರ್. ಅವನ ಅಣ್ಣನ ಮಗ, ಡೇಕರ್ ಮನೆತನದ ವಾರಸುದಾರ ಹುಡುಗ, 1569ರ ಮೇ ತಿಂಗಳಲ್ಲಿ ಮರದ ಕುದುರೆಯಿಂದ ಬಿದ್ದು ಸತ್ತ. ಆಸ್ತಿ ತನಗೆ ಬರಬೇಕು ಎಂದ ಲಿಯೊನಾರ್ಡ್. ಆದರೆ ಆ ಹುಡುಗನ ಅಕ್ಕತಂಗಿಯರನ್ನು ತನ್ನ ಗಂಡುಮಕ್ಕಳಿಗೆ ತಂದುಕೊಳ್ಳಲಿದ್ದ ನಾರ್ಫೋಕಿನ ಡ್ಯೂಕ್ ಆಸ್ತಿಯನ್ನು ಆ ಹುಡುಗಿಯರ ಹೆಸರಿಗೆ ಉಳಿಸಿಕೊಂಡ. ಈ ಪುಟ ತೆರೆದರೆ "ಕ್ಯಾಥೊಲಿಕರೆಲ್ಲ ಒಂದಾಗಿ ಎದ್ದರು" ಎಂಬ ಸಾಲು ನಿಲ್ಲುವುದಿಲ್ಲ. ಯಾರನ್ನು ಮೇರಿಗೆ ಗಂಡನಾಗಿ ತರಬೇಕೆಂದಿದ್ದರೋ ಅವನೇ ಇವನ ಪಾಲು ತಿಂದವನು.

ತಾರೀಖಿನ ಜರಡಿ

ಪುಟಗಳು ತುಂಬಿದ ಮೇಲೆ ಪ್ರತಿ ಕಾರಣದ ಪಕ್ಕದಲ್ಲೂ ತಾರೀಖು ಬರೆಯಿರಿ. ದಂಗೆಯ ನಂತರದ ತಾರೀಖು ಬಂದರೆ ಅದು ಕಾರಣವಾಗಲಾರದು. ಇಷ್ಟು ಸರಳವಾದದ್ದನ್ನು ನಾನೇ ಹಲವು ವರ್ಷ ತಪ್ಪು ಹೇಳಿಕೊಟ್ಟಿದ್ದೇನೆ. ಎಲಿಜಬೆತ್‌ಳನ್ನು ಪೋಪ್ ಐದನೇ ಪಯಸ್ ಧರ್ಮದಿಂದ ಹೊರಹಾಕಿ, ಪ್ರಜೆಗಳು ಅವಳ ಮಾತು ಕೇಳಬೇಕಿಲ್ಲ ಎಂದು ಸಾರಿದ್ದರಿಂದ ಕ್ಯಾಥೊಲಿಕರು ದಂಗೆ ಎದ್ದರು ಎಂದು ಬೋರ್ಡಿನ ಮೇಲೆ ಬರೆಸುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು ಕೇಳಿದಳು: ಮಿಸ್, ಆ ಆಜ್ಞೆ 1570ರ ಫೆಬ್ರವರಿ 25, ದಂಗೆ ಮುಗಿದದ್ದು 1569ರ ಡಿಸೆಂಬರ್ ಅಲ್ಲವೇ? ಆ ಮಗುವಿಗೆ ನಾನು ಇವತ್ತಿಗೂ ಋಣಿ. ಅಲ್ಲಿಯವರೆಗೆ ನನ್ನಿಂದ ತಪ್ಪು ಕಲಿತು ಹೋದ ಮಕ್ಕಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಆದರೆ ಜರಡಿಯಲ್ಲಿ ಉಳಿದದ್ದನ್ನು ಎಸೆಯಬೇಡಿ. ಆ ಆಜ್ಞೆ ಬಂದಿರಲಿಲ್ಲ ಎಂಬುದೇ ದೊಡ್ಡ ಸಂಗತಿ. ಪೋಪ್ ಹೊರಹಾಕದ ರಾಣಿಯ ವಿರುದ್ಧ ಕತ್ತಿ ಎತ್ತುವುದು ಪಾಪವೋ ಅಲ್ಲವೋ ಎಂದು ಅರ್ಲ್‌ಗಳ ಸುತ್ತಲಿನ ಪಾದ್ರಿಗಳಲ್ಲೇ ಎರಡು ಮಾತಿತ್ತು. ಧರ್ಮವನ್ನು ನೆಪಕ್ಕೆ ಹಿಡಿದವರು ಇಂಥ ಪ್ರಶ್ನೆ ಕೇಳಿಕೊಂಡು ರಾತ್ರಿ ಕಳೆಯುವುದಿಲ್ಲ.

ಹತ್ತಿರದ ತಾರೀಖುಗಳನ್ನು ಬಿಡಿಸಿ ಬರೆಯಿರಿ. ನಾರ್ಫೋಕ್ ಸೆರೆ ಅಕ್ಟೋಬರ್. ಅದರ ಬೆನ್ನಿಗೆ ಯಾರ್ಕಿನಲ್ಲಿದ್ದ ರಾಣಿಯ ಪ್ರತಿನಿಧಿ ಸಸೆಕ್ಸ್ ಮೂಲಕ ಇಬ್ಬರು ಅರ್ಲ್‌ಗಳಿಗೂ ಲಂಡನ್ನಿಗೆ ಬನ್ನಿ ಎಂಬ ಅಪ್ಪಣೆ. ಹೋದರೆ ಟವರು, ಹೋಗದಿದ್ದರೆ ರಾಜದ್ರೋಹ. ನವೆಂಬರ್ 9ರ ರಾತ್ರಿ ಪರ್ಸಿಯ ಮನೆಯಿದ್ದ ಟಾಪ್‌ಕ್ಲಿಫ್‌ನಲ್ಲಿ ಎಚ್ಚರಿಕೆಯ ಗಂಟೆ ಬಾರಿಸಿದರು. ಪರ್ಸಿ ಹಾಸಿಗೆಯಿಂದೆದ್ದು ಬ್ರಾನ್ಸ್‌ಪೆತ್‌ನಲ್ಲಿದ್ದ ನೆವಿಲ್ ಕೋಟೆಗೆ ಓಡಿದ. ಅಲ್ಲಿಯೂ ಗಂಡಸರು ಬಿಟ್ಟು ಹೋಗೋಣ ಎನ್ನುವ ಮನಸ್ಸಿನಲ್ಲಿದ್ದರು. ಇಷ್ಟು ಮುಂದೆ ಬಂದು ಈಗ ಅಡಗಲು ಬಿಲ ಹುಡುಕುವುದು ನಾಚಿಕೆಗೇಡು ಎಂದು ಅತ್ತು ಬೈದವಳು ನೆವಿಲ್‌ನ ಹೆಂಡತಿ ಜೇನ್. ಈ ವರ್ಷವೇ ಏಕೆ ಎಂಬ ಗೆರೆಯ ಕೆಳಗೆ ನಾವು ಬರೆದದ್ದು: ಭಯ. ಯೋಜನೆ ಹಾಕಿ ಎದ್ದವರಿಗಿಂತ ಹೆಚ್ಚಾಗಿ, ಮೂಲೆಗೆ ಸಿಕ್ಕಿ ಎದ್ದವರು ಇವರು.

ಧರ್ಮವನ್ನು ನೆಪ ಎನ್ನುವ ಮೊದಲು

ಇಲ್ಲಿ ನನ್ನ ಕಳಕಳಿ ಇದೆ. ಈಗಿನ ಕಾಲದ ಓದುಗರಿಗೆ ಹಣ, ಅಧಿಕಾರ ಎಂದರೆ ನಿಜವಾದ ಕಾರಣ, ದೇವರು ಎಂದರೆ ಮೇಲಿನ ಬಣ್ಣ ಎಂಬ ಅಭ್ಯಾಸ. ದೊಡ್ಡವರ ಪುಟ ಮಾತ್ರ ತೆರೆದರೆ ಹಾಗೆ ಕಾಣುತ್ತದೆ. ಸಾವಿರಾರು ಜನ ಅವರ ಹಿಂದೆ ಏಕೆ ಬಂದರು? ಅವರಿಗೆ ತಾಮ್ರದ ಗಣಿ ಇರಲಿಲ್ಲ.

1559ರ ಕಾನೂನುಗಳಿಂದ ರಾಣಿ ಚರ್ಚಿನ ಮೇಲಧಿಕಾರಿಯಾದಳು, ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಕಡ್ಡಾಯವಾಯಿತು, ಭಾನುವಾರ ಚರ್ಚಿಗೆ ಬಾರದವರಿಗೆ 12 ಪೆನ್ಸ್ ದಂಡ. ಡರ್ಹಮ್‌ಗೆ ಪಿಲ್ಕಿಂಗ್ಟನ್ ಎಂಬ ಕಟ್ಟಾ ಪ್ರಾಟೆಸ್ಟಂಟ್ ಬಿಷಪ್ ಬಂದ. ಅಲ್ಲಿನ ಕೆಥಡ್ರಲ್ಲಿನ, ಅಂದರೆ ಬಿಷಪ್ಪನ ದೊಡ್ಡ ಚರ್ಚಿನ, ಮುಖ್ಯ ಪಾದ್ರಿಯಾದ ಡೀನ್ ವಿಟಿಂಗ್‌ಹ್ಯಾಮ್ ಅವನಿಗಿಂತ ಒಂದು ಕೈ ಮೇಲು. ಮೂರ್ತಿ ಹೋಯಿತು, ತೀರ್ಥದ ಕಲ್ಲು ಹೋಯಿತು, ಬಲಿಪೀಠ ಒಡೆದು ಮರದ ಮೇಜು ಬಂತು.

ಬಲಿಪೀಠದ ಕಲ್ಲು ಎಂದರೆ ಏನೆಂದು ನನಗೆ ತಿಳಿಸಿದವರು ಸಾಗರದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕ್ಯಾಥೊಲಿಕ್ ಟೀಚರ್. ನಾನು "ಚರ್ಚಿನ ಟೇಬಲ್ಲು" ಎಂದದ್ದಕ್ಕೆ ಅವರಿಗೆ ನೋವಾಯಿತು. ಅದು ಟೇಬಲ್ಲಲ್ಲ, ಎಣ್ಣೆ ಹಚ್ಚಿ ಪ್ರತಿಷ್ಠೆ ಮಾಡಿದ ಕಲ್ಲು, ಅದರ ಮೇಲೆ ಬಲಿಪೂಜೆ ನಡೆಯುತ್ತದೆ, ಸಂತರ ಅವಶೇಷ ಇಡುತ್ತಾರೆ ಎಂದು ನಿಧಾನವಾಗಿ ಹೇಳಿದರು. ಯಾವ ಧರ್ಮದ ದಂಗೆಯ ಬಗ್ಗೆ ಬರೆಯುತ್ತೀರೋ ಆ ಧರ್ಮದವರೊಬ್ಬರ ಹತ್ತಿರ ಕೂತು ಅವರ ಪದಗಳನ್ನು ಕೇಳಿಕೊಳ್ಳಿ. ಪುಸ್ತಕದಲ್ಲಿ ಸಿಗದ ತೂಕ ಆ ಪದಗಳಲ್ಲಿ ಇರುತ್ತದೆ.

ಈ ತಿಳಿವಳಿಕೆ ಇಟ್ಟುಕೊಂಡು ಡರ್ಹಮ್ ಹತ್ತಿರದ ಸೆಜ್‌ಫೀಲ್ಡ್ ಎಂಬ ಊರನ್ನು ನೋಡಿ. ದಂಗೆಯವರು ನವೆಂಬರ್ 14ರಂದು ಡರ್ಹಮ್ ಕೆಥಡ್ರಲ್ಲಿಗೆ ನುಗ್ಗಿ ಇಂಗ್ಲಿಷ್ ಬೈಬಲ್, ಪ್ರಾರ್ಥನಾ ಪುಸ್ತಕ ಹರಿದು ಬಲಿಪೂಜೆ ಮಾಡಿಸಿದ ಸುದ್ದಿ ಹರಡಿತು. ಸೆಜ್‌ಫೀಲ್ಡಿನ ಜನ ಎಲ್ಲೋ ಜೋಪಾನ ಮಾಡಿದ್ದ ಬಲಿಪೀಠದ ಕಲ್ಲನ್ನು ಹೊತ್ತು ತಂದು ಚರ್ಚಿನಲ್ಲಿ ಮತ್ತೆ ಕೂರಿಸಿದರು, ತೀರ್ಥದ ಕಲ್ಲನ್ನೂ ತಂದರು, ಹೊಸ ಪುಸ್ತಕ ಸುಟ್ಟರು. ಅಂದರೆ ಹತ್ತು ವರ್ಷ ಆ ಕಲ್ಲು ಎಲ್ಲಿದೆ ಎಂದು ಊರಿಗೆ ಗೊತ್ತಿತ್ತು, ಯಾರೂ ಬಾಯಿ ಬಿಟ್ಟಿರಲಿಲ್ಲ. ಆ ಕಲ್ಲನ್ನು ಹೊತ್ತವರಿಗೆ ಒಂದು ಪುಟ ಕೊಡದೆ ಯಾರೂ ಈ ದಂಗೆಯ ಕಾರಣ ಬರೆಯಬಾರದು ಎಂದು ನನ್ನ ಖಚಿತ ಅಭಿಪ್ರಾಯ.

ಇದು ನಮಗೆ ತಿಳಿದದ್ದು ದಂಗೆ ಅಡಗಿದ ಮೇಲೆ ಡರ್ಹಮ್‌ನ ಚರ್ಚ್ ನ್ಯಾಯಾಲಯದಲ್ಲಿ ಬರೆದುಕೊಂಡ ಹೇಳಿಕೆಗಳಿಂದ. ಶಿಕ್ಷೆಗೆ ಹೆದರಿ ನಿಂತವರ ಮಾತು ಅದು. "ಅರ್ಲ್‌ಗಳ ಅಪ್ಪಣೆಯಾಗಿತ್ತು" ಎನ್ನುವ ಬಾಯಿಯನ್ನು ಪೂರ್ತಿ ನಂಬಬೇಡಿ, ಕೈ ಮಾಡಿದ ಕೆಲಸವನ್ನು ನಂಬಿ.

ದಂಗೆಯವರ ಘೋಷಣೆಯನ್ನೂ ಹೀಗೇ ಓದಬೇಕು. ನಾವು ರಾಣಿಯ ನಿಷ್ಠಾವಂತ ಪ್ರಜೆಗಳು, ಅವಳ ಸುತ್ತಲಿನ ಕೆಟ್ಟವರು ಹಳೆಯ ಮನೆತನಗಳನ್ನು ತುಳಿದು ಹೊಸ ಧರ್ಮ ತಂದಿದ್ದಾರೆ ಎಂಬುದು ಅದರ ಸಾರ. ಅವರು ಹಿಡಿದ ಧ್ವಜದ ಮೇಲೆ ಕ್ರಿಸ್ತನ ಐದು ಗಾಯಗಳು. ಹಿಡಿದವನು ಮುದುಕ ರಿಚರ್ಡ್ ನಾರ್ಟನ್, ಎಂಟನೇ ಹೆನ್ರಿಯ ಕಾಲದ 1536ರ ದಂಗೆಯಲ್ಲೂ ಇದೇ ಗುರುತಿನ ಕೆಳಗೆ ನಿಂತಿದ್ದವನು. ಕಾಗದದಲ್ಲಿ ಬರೆಯಲಾಗದ್ದನ್ನು ಬಟ್ಟೆಯ ಮೇಲೆ ಬರೆದಿದ್ದರು.

ಏಳದವರಿಗೂ ಪುಟ ಬೇಕು

ಕಾರಣ ಗಟ್ಟಿಯೋ ಅಲ್ಲವೋ ಎಂದು ತೂಗಲು ಅದೇ ಕಾರಣ ಇದ್ದೂ ಏಳದವರನ್ನು ನೋಡಿ. ಲ್ಯಾಂಕಶೈರಿನಲ್ಲಿ ಕ್ಯಾಥೊಲಿಕರು ತುಂಬಾ ಇದ್ದರು, ಏಳಲಿಲ್ಲ. ಉತ್ತರದ ಬೇರೆ ಕ್ಯಾಥೊಲಿಕ್ ದೊರೆಗಳು ಮನೆ ಬಿಟ್ಟು ಹೊರಡಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿದ್ದ ಸ್ಪೇನಿನ ಸೇನಾಪತಿ ಆಲ್ಬಾ ನೆರವು ಕಳಿಸುತ್ತಾನೆಂದು ಹಾರ್ಟಲ್‌ಪೂಲ್ ಬಂದರು ಹಿಡಿದು ಕಾದರು, ಹಡಗು ಬರಲಿಲ್ಲ. ಅವನ ಸೈನ್ಯಕ್ಕೆ ಹೋಗುತ್ತಿದ್ದ ಹಣವನ್ನು ಎಲಿಜಬೆತ್ 1568ರ ಡಿಸೆಂಬರಿನಲ್ಲಿ ತಡೆಹಿಡಿದಿದ್ದಳು. ಸಿಟ್ಟು ಇತ್ತು, ಯುದ್ಧಕ್ಕೆ ಮನಸ್ಸಿರಲಿಲ್ಲ. ಎದ್ದವರು ಸುಮಾರು 6,000. ಇನ್ನೊಂದು ಕಡೆ ಬಾರ್ನಾರ್ಡ್ ಕೋಟೆಯಲ್ಲಿ ರಾಣಿಯ ಪರ ಕಾಯುತ್ತಿದ್ದ ಜಾರ್ಜ್ ಬೋವ್ಸ್‌ನ ಸೈನಿಕರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಗೋಡೆ ಹಾರಿ ದಂಗೆಯವರನ್ನು ಸೇರಿದರು, ಹಾರುವಾಗ ಕೈಕಾಲು ಮುರಿದುಕೊಂಡವರೂ ಇದ್ದರು. ಧರ್ಮದ ಕಾರಣ ಎಲ್ಲ ಕಡೆ ಇತ್ತು. ಧರ್ಮದ ಜೊತೆ ಹಳೆಯ ಮನೆತನದ ಕರೆ ಮತ್ತು ಹತ್ತಿರದ ಭಯ ಸೇರಿದ ಕಡೆ ಮಾತ್ರ ಜನ ಹೊರಟರು.

ನಮ್ಮ ನಗರದ ಮೇಲೆ ಇಟ್ಟು ನೋಡಿದ್ದು

ಮಳೆ ಸ್ವಲ್ಪ ಹೊಳವಾದ ದಿನ ಮೊಮ್ಮಗಳನ್ನು ನಮ್ಮ ತಾಲೂಕಿನ ನಗರ ಎಂಬ ಊರಿನ ಕೋಟೆಗೆ ಕರೆದುಕೊಂಡು ಹೋದೆ. ಹಾವಸೆ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರದಂತೆ ಕೈ ಹಿಡಿದು ಹತ್ತಿದೆವು. ಈ ಊರು ಬಿದನೂರು ಆಗಿದ್ದಾಗ ಕೆಳದಿಯ ಅರಸರ ರಾಜಧಾನಿ. 1763ರಲ್ಲಿ ಹೈದರಾಲಿ ಗೆದ್ದ ಮೇಲೆ ಕೆಳದಿಯ ಆಳ್ವಿಕೆ ಮುಗಿಯಿತು. ಆಗಿ 67 ವರ್ಷಕ್ಕೆ, 1830ರಲ್ಲಿ, ಮೈಸೂರು ಅರಸರ ಆಡಳಿತದ ವಿರುದ್ಧ ಈ ಸೀಮೆಯ ರೈತರು ಕಂದಾಯದ ಭಾರ, ಅಧಿಕಾರಿಗಳ ಸುಲಿಗೆ ತಾಳಲಾರದೆ ಕೂಟ ಸೇರಿದರು. ಆಗ ಬೂದಿ ಬಸವಪ್ಪ ಎಂಬವನು ನಾನು ನಗರದ ಅರಸರ ವಾರಸುದಾರ ಎಂದು ಮುಂದೆ ಬಂದ. ಜನ ಅವನ ಹಿಂದೆ ಹೋದರು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು.

"ಅವನು ನಿಜವಾಗಿ ವಾರಸುದಾರನಾ ಅಜ್ಜಿ?" ಎಂದಳು. ರೈತರು ಅವನ ಜಾತಕ ನೋಡಿ ಹೋದವರಲ್ಲ ಎಂದೆ. ಕಂದಾಯ ಕಡಿಮೆ ಮಾಡಿ ಎಂದು ಕೇಳುವುದು ಅರ್ಜಿ. ನಮಗೆ ಬೇರೆ ಅರಸ ಇದ್ದಾನೆ ಎಂದರೆ ಅದು ದಂಗೆ. ಹಕ್ಕುದಾರ ದುಃಖವನ್ನು ಹುಟ್ಟಿಸುವುದಿಲ್ಲ, ಬೇರೆ ಬೇರೆ ಮನೆಯ ದುಃಖಗಳಿಗೆ ಒಂದು ಹೆಸರು ಕೊಡುತ್ತಾನೆ. ಮೇರಿಯೂ ಉತ್ತರ ಇಂಗ್ಲೆಂಡಿಗೆ ಅದನ್ನೇ ಮಾಡಿದಳು, ಸೆರೆಯಲ್ಲಿ ಕೂತೇ.

ಹೋಲಿಕೆ ಮಾಡಿದ ಮೇಲೆ ಹೋಲದ್ದನ್ನೂ ಬರೆಯಬೇಕು. ನಗರದಲ್ಲಿ ಯಾರೂ ರೈತರ ದೇವರನ್ನು ಬದಲಿಸಿರಲಿಲ್ಲ, ಅಲ್ಲಿ ಕಂದಾಯವೇ ಮುಖ್ಯ. ಮೇರಿಯ ರಕ್ತಸಂಬಂಧದ ಬಗ್ಗೆ ವೈರಿಗಳಿಗೂ ಅನುಮಾನವಿರಲಿಲ್ಲ. ಬಸವಪ್ಪನದು ಅನುಮಾನದ್ದೇ.

ಕೊನೆಗೆ ಉತ್ತರ

ಇಷ್ಟಾದ ಮೇಲೆ ಬರೆಯಲು ಕೂರಿ. ಮೊದಲ ವಾಕ್ಯದಲ್ಲೇ ನಿಮ್ಮ ತೀರ್ಮಾನ ಇರಲಿ. ಆಮೇಲಿನ ಪ್ರತಿ ಪ್ಯಾರಾದಲ್ಲಿ ಒಬ್ಬ ಮನುಷ್ಯ, ಒಂದು ಊರು, ಒಂದು ತಾರೀಖು ಇರಲಿ. "ಮತ್ತು" ಎಂದು ಜೋಡಿಸುತ್ತಾ ಹೋಗಬೇಡಿ, "ಇದರಿಂದ", "ಆದರೂ", "ಅಷ್ಟರಲ್ಲಿ" ಎಂಬ ಪದಗಳಿಂದ ಕಟ್ಟಿ. ಇವು ಬಂದರೆ ಕಾರಣಗಳ ನಡುವಿನ ನಂಟು ತಾನಾಗಿ ಕಾಣುತ್ತದೆ. ಯಾವುದನ್ನು ತೆಗೆದರೆ ದಂಗೆ ಆಗುತ್ತಿರಲಿಲ್ಲ ಎಂದು ಪ್ರತಿ ಪ್ಯಾರಾದ ಕೊನೆಗೆ ಕೇಳಿಕೊಳ್ಳಿ.

ಹೊರಡುವ ಹಿಂದಿನ ರಾತ್ರಿ ಮೊಮ್ಮಗಳು ಮತ್ತೆ ಬರೆದಳು. ಅವಳ ಮೊದಲ ವಾಕ್ಯ ಇದು: "ಉತ್ತರದ ಜನ ಹತ್ತು ವರ್ಷದಿಂದ ಬಲಿಪೀಠದ ಕಲ್ಲನ್ನು ಬಚ್ಚಿಟ್ಟಿದ್ದರು, ಅರ್ಲ್‌ಗಳು ಹತ್ತು ವರ್ಷದಿಂದ ಸಿಟ್ಟನ್ನು ಬಚ್ಚಿಟ್ಟಿದ್ದರು, 1568ರಲ್ಲಿ ಮೇರಿ ಬಂದ ಮೇಲೆ ಎರಡಕ್ಕೂ ಒಂದೇ ದಾರಿ ಕಂಡಿತು, 1569ರ ನವೆಂಬರಿನಲ್ಲಿ ಲಂಡನ್ನಿನ ಅಪ್ಪಣೆ ಬಂದು ಹಿಂದೆ ಸರಿಯುವ ದಾರಿ ಮುಚ್ಚಿತು." ಯಾವ ಸಾಲು ಅಳಿಸಿದರೆ ದಂಗೆ ಆಗುತ್ತಿರಲಿಲ್ಲ ಎಂದು ಮತ್ತೆ ಕೇಳಿದೆ. ಕೊನೆಯದು ಅಳಿಸಿದರೆ ಆ ವರ್ಷ ಆಗುತ್ತಿರಲಿಲ್ಲ, ಮೊದಲಿನದು ಅಳಿಸಿದರೆ ಯಾವ ವರ್ಷವೂ ಆಗುತ್ತಿರಲಿಲ್ಲ ಎಂದಳು. ಖಾತೆ ಪುಸ್ತಕದ ಆ ಹಾಳೆಗಳನ್ನು ಹರಿಯದೆ ಹಾಗೇ ಇಟ್ಟಿದ್ದೇನೆ.